ಔಷಧಿ ಬೀರುವಿನ ಕಾಫಿ ಡಬ್ಬಿ

ವಸಂತಮ್ಮ ಕಾಫಿ ಬಿಟ್ಟಳಂತೆ ಎಂಬ ಸುದ್ದಿಯನ್ನು ಕಲ್ಲುಹಳ್ಳ ಎಸ್ಟೇಟಿನ ಆಳುಗಳ ಲೈನುಮನೆಗಳವರು ಮೊದಲು ನಂಬಲೇ ಇಲ್ಲ. ಆಲ್ದೂರಿಗೂ ಮೂಡಿಗೆರೆಗೂ ನಡುವಿನ ಆ ತೋಟದಲ್ಲಿ, ಬೆಳಿಗ್ಗೆ ಡಿಸ್ಪೆನ್ಸರಿಗೆ ಬಂದ ಆಳುಗಳಿಗೆ ಕಂಪೌಂಡರನ ಮಾತ್ರೆ ಎಷ್ಟು ಖಾತ್ರಿಯೋ, ಪಕ್ಕದಲ್ಲೇ ಇದ್ದ ಅವನ ಮನೆಯ ಜಗಲಿಯಲ್ಲಿ ಅವನ ಹೆಂಡತಿಯ ಬೆಲ್ಲದ ಕಾಫಿಯೂ ಅಷ್ಟೇ ಖಾತ್ರಿ. ಬೀಜ ತಾನೇ ಹುರಿಯುತ್ತಿದ್ದಳು, ತಾನೇ ಪುಡಿ ಮಾಡುತ್ತಿದ್ದಳು. ಕುದಿಯುವ ನೀರಿಗೆ ಪುಡಿ ಸುರಿದು, ಚರಟ ತಳಕ್ಕೆ ಇಳಿಯುವವರೆಗೆ ಪಾತ್ರೆ ಅಲುಗಿಸದೆ ಕಾದು, ಮೆಲ್ಲಗೆ ಬಗ್ಗಿಸಿ ಕೊಡುತ್ತಿದ್ದಳು. ಬೇರೆಯವರಿಗೆ ಕೊಡುವ ನೆಪದಲ್ಲಿ ದಿನಕ್ಕೆ ಏಳೆಂಟು ಲೋಟ ತಾನೂ ಕುಡಿಯುತ್ತಿದ್ದಳು. ಅಂಥವಳು ತೊಂಬತ್ತೇಳನೇ ಇಸವಿಯ ಯುಗಾದಿಯ ಮಾರನೆಯ ದಿನ ಲೋಟ ಕವುಚಿಟ್ಟಳು. ಬಿಡಿಸಿದವನು ಗಂಡ.

ಗಂಡನ ಹೆಸರು ರೇವಣ್ಣ. ಮೂಡಿಗೆರೆಯ ಮುದಿ ಡಾಕ್ಟರೊಬ್ಬರ ಕೈಕೆಳಗೆ ಆರು ವರ್ಷ ಔಷಧಿ ಬೆರೆಸಿ ಕಲಿತು ಬಂದು, ಇಪ್ಪತ್ತೆರಡು ವರ್ಷದಿಂದ ಈ ಎಸ್ಟೇಟಿನ ಡಿಸ್ಪೆನ್ಸರಿ ನೋಡಿಕೊಳ್ಳುತ್ತಿದ್ದ. ಜ್ವರಕ್ಕೆ ಬಿಳಿ ಮಾತ್ರೆ, ಹೊಟ್ಟೆಯುರಿಗೆ ಗುಲಾಬಿ ಬಣ್ಣದ ಔಷಧಿ, ಬಿಳಿಚಿಕೊಂಡವರಿಗೆ ಕಬ್ಬಿಣಾಂಶದ ಕೆಂಪು ಮಾತ್ರೆ. ಗಾಯಕ್ಕೆ ಹೊಲಿಗೆ ಹಾಕುವುದರಲ್ಲಿ ಅವನ ಕೈ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಬಾರದು. ಆಳುಗಳು ಅವನನ್ನು ಡಾಕ್ಟ್ರೇ ಎನ್ನುತ್ತಿದ್ದರು. ಅವನೊಂದು ಸಲವೂ ಬೇಡ ಎನ್ನಲಿಲ್ಲ. ಮದುವೆಯಾದ ಹೊಸತರಲ್ಲಿ ವಸಂತಮ್ಮ ಅವನನ್ನು ರೇಗಿಸಲು ಡಾಕ್ಟ್ರೇ ಎಂದು ಕರೆಯುತ್ತಿದ್ದಳು. ವರ್ಷ ಎರಡಾಗುವಷ್ಟರಲ್ಲಿ ಅವನು ಆ ಮಾತಿಗೆ ಗಂಭೀರವಾಗಿಯೇ ತಿರುಗಿ ನೋಡತೊಡಗಿದ. ಆಮೇಲೆ ಅವಳು ರೇಗಿಸುವುದನ್ನು ಬಿಟ್ಟಳು. ತಾನೂ ಡಾಕ್ಟ್ರಮ್ಮನಾದಳು.

ವಸಂತಮ್ಮನಿಗೆ ಹೊಟ್ಟೆನೋವು ಶುರುವಾದದ್ದು ಆ ಯುಗಾದಿಯ ಹಿಂದಿನ ಡಿಸೆಂಬರಿನಲ್ಲಿ, ಹಣ್ಣು ಕೊಯ್ಲಿನ ಹೊತ್ತಿಗೆ. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಒಂದು ದಿನ ಕಕ್ಕಸಿನಲ್ಲಿ ನೋಡಿದರೆ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗಿತ್ತು. ಇಂಥದನ್ನೆಲ್ಲ ಗಂಡನಿಗೆ ಹೇಳುವುದು ಹೇಗೆಂದು ವಾರವಿಡೀ ಅಳುಕಿದಳು. ಅಷ್ಟರಲ್ಲಿ ಅವನೇ ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, "ರಕ್ತ ಕಮ್ಮಿ ಆಗಿದೆ" ಎಂದು ಕೆಂಪು ಮಾತ್ರೆ ಕೊಟ್ಟ. ಆಮೇಲೆ ಅವಳು ಧೈರ್ಯ ಮಾಡಿ ಹೇಳಿದಳು.

"ಕಬ್ಬಿಣದ ಮಾತ್ರೆ ತಿಂದ್ರೆ ಕಪ್ಪಗೇ ಹೋಗ್ತದೆ ಮಾರಾಯ್ತಿ. ಅದಕ್ಕೆಲ್ಲ ಹೆದರ್ತಾರಾ?"

"ಮಾತ್ರೆ ತಗೊಳ್ಳೋಕೂ ಮೊದ್ಲೇ ಹೋಗಿತ್ತು ಕಣ್ರೀ."

"ನಿಂಗೆ ನೆನಪಿಲ್ಲ," ಎಂದ ರೇವಣ್ಣ. ಇರಬಹುದೇನೋ ಎಂದು ಅವಳಿಗೂ ಅನ್ನಿಸಿತು. ಇಪ್ಪತ್ತು ವರ್ಷ ತೋಟವೆಲ್ಲ ಒಬ್ಬನನ್ನು ಡಾಕ್ಟ್ರೇ ಎಂದು ಕರೆದ ಮೇಲೆ ಸ್ವಂತ ಕಣ್ಣಿನ ಮೇಲೂ ಅನುಮಾನ ಬರುತ್ತದೆ.

ಯುಗಾದಿಯ ದಿನ ಮಧ್ಯಾಹ್ನ ವಾಂತಿಯಾಯಿತು. ಹಿತ್ತಿಲಿನ ಬಚ್ಚಲ ಕಲ್ಲಿನ ಮೇಲೆ ಬಿದ್ದದ್ದು ಕಂದುಗಪ್ಪು ನೀರು, ಅದರಲ್ಲಿ ತರಿತರಿಯಾದ ಕಾಫಿ ಚರಟ. ರೇವಣ್ಣ ಬಗ್ಗಿ ನೋಡಿದ. ತೋಟದಲ್ಲಿ ಅವನು ಈ ಇಪ್ಪತ್ತೆರಡು ವರ್ಷದಲ್ಲಿ ಕಂಡ ವಾಂತಿಯಲ್ಲಿ ಅರ್ಧಕ್ಕರ್ಧ ಹೀಗೇ ಇತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಸೋಸದ ಕಾಫಿ ಕುಡಿಯುವವರ ಹೊಟ್ಟೆಯಿಂದ ಮತ್ತೇನು ಬರಬೇಕು? "ಈ ಚರಟವೇ ನಿನ್ನ ಹೊಟ್ಟೆ ಹಾಳು ಮಾಡಿದ್ದು. ಇವತ್ತಿಂದ ಕಾಫಿ ಬಂದ್," ಎಂದ.

ವಸಂತಮ್ಮ ಬಿಟ್ಟಳು. ಮೊದಲ ವಾರ ತಲೆ ಸಿಡಿದು ಹೋಗುವಂತೆ ನೋಯುತ್ತಿತ್ತು. ಸೀರೆಯ ಸೆರಗನ್ನು ಹಣೆಗೆ ಬಿಗಿದು ಕಟ್ಟಿಕೊಂಡು ಬಂದವರಿಗೆಲ್ಲ ಕಾಫಿ ಬಗ್ಗಿಸಿ ಕೊಟ್ಟಳು, ತಾನು ಒಂದು ತೊಟ್ಟು ಮುಟ್ಟಲಿಲ್ಲ. ಕೊಯ್ಲಿಗೆ ಬರುವ ದ್ಯಾವಮ್ಮ ದಿನಾ ಒಂದೇ ಮಾತು ಹೇಳುತ್ತಿದ್ದಳು: "ಅರ್ಧ ಲೋಟಕ್ಕೆ ಎಂತ ಆಗ್ತದೆ ಅಮ್ಮಾ, ಕುಡೀರಿ." ವಸಂತಮ್ಮ ನಕ್ಕು ಬಿಸಿನೀರು ಕುಡಿಯುತ್ತಿದ್ದಳು. ಗಂಡನ ಮಾತಿಗಾಗಿ ಅಲ್ಲ, ಬದುಕಬೇಕೆಂದು ಬಿಟ್ಟಳು. ಬಿಟ್ಟರೆ ಬದುಕುತ್ತೇನೆ ಎಂದು ನಂಬಿದ್ದಳು.

ನಾಲ್ಕು ತಿಂಗಳಾಯಿತು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ದೋಸೆಗೆ ಹಿಟ್ಟು ಕಲಸುತ್ತಿದ್ದವಳಿಗೆ ಹೊಟ್ಟೆಯೊಳಗಿನದೆಲ್ಲ ಒಮ್ಮೆಲೇ ಮೇಲೆ ಬಂತು. ಬಚ್ಚಲಿಗೆ ಓಡಿದಳು. ಬಾಯಿ ಒರೆಸಿಕೊಂಡು ಕಲ್ಲಿನ ಮೇಲೆ ನೋಡಿದಳು. ಮತ್ತೆ ಅದೇ ಕಂದುಗಪ್ಪು ನೀರು, ಅದೇ ತರಿತರಿ ಚರಟ.

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ನಾಲ್ಕು ತಿಂಗಳಿಂದ ಕಾಫಿಯನ್ನೇ ಮುಟ್ಟದವಳ ಹೊಟ್ಟೆಗೆ ಚರಟ ಎಲ್ಲಿಂದ ಬಂತು? ಬೆರಳಲ್ಲಿ ಮುಟ್ಟಿ ನೋಡಿದಳು, ಮೂಸಿ ನೋಡಿದಳು. ಕಾಫಿಯ ವಾಸನೆ ಹುಟ್ಟಿದಾಗಿನಿಂದ ಮೂಗಿನಲ್ಲಿ ಕೂತಿರುವವಳು ಅವಳು. ಇದು ಕಾಫಿಯಲ್ಲ. ಇದರಲ್ಲಿ ತುಕ್ಕಿನ ವಾಸನೆ ಇತ್ತು. ಆ ಕ್ಷಣಕ್ಕೆ ಅವಳಿಗೆ ಗೊತ್ತಾಯಿತು, ತನ್ನ ಹೊಟ್ಟೆಯೊಳಗೆ ಗಂಡನ ಮಾತ್ರೆಗೆ ಬಗ್ಗದ್ದೇನೋ ಇದೆ ಎಂದು.

ರೇವಣ್ಣ ಬಂದು ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಯಾರ ಮನೇಲಿ ಕುಡಿದೆ?"

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾಗುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿಕೊಂಡು ಲೈನುಮನೆಗಳ ಕಡೆ ಹೊರಟಾಗಿತ್ತು. ಮನೆ ಮನೆಯ ಬಾಗಿಲಲ್ಲಿ ನಿಂತು, "ಇವಳಿಗೆ ಕಾಫಿ ಕೊಟ್ಟಿದ್ಯಾರು? ಔಷಧಿ ಮಾಡೋನು ನಾನು, ಹಾಳು ಮಾಡೋರು ನೀವು," ಎಂದು ಕೂಗಿದ. ಕೊಟ್ಟಿಲ್ಲ ಎಂದು ಎಲ್ಲರೂ ಆಣೆ ಮಾಡಿದರು. ಆದರೆ ಕೊಟ್ಟಿಲ್ಲ ಎಂದವರೆಲ್ಲ ಪಕ್ಕದ ಮನೆಯವರು ಕೊಟ್ಟಿರಬೇಕು ಎಂದುಕೊಂಡರು. ಡಾಕ್ಟ್ರು ಹೇಳಿದ ಮೇಲೆ ಸುಳ್ಳಿರುತ್ತದೆಯೇ? ವಾಪಸು ಬಂದವನು ಅಡುಗೆಮನೆಯ ಕಾಫಿ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಡಿಸ್ಪೆನ್ಸರಿಯ ಔಷಧಿ ಬೀರುವಿನಲ್ಲಿಟ್ಟು ಬೀಗ ಹಾಕಿದ. ಇಲಿ ಪಾಷಾಣದ ಪಕ್ಕದಲ್ಲೇ ಇಟ್ಟ. ಬೆಳಿಗ್ಗೆ ಬೀರು ತೆಗೆದಾಗಲೆಲ್ಲ ಸಾಲಿನಲ್ಲಿ ನಿಂತವರಿಗೆ ಆ ಹಿತ್ತಾಳೆ ಮುಚ್ಚಳದ ಡಬ್ಬಿ ಕಾಣುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಮುಗುಳ್ನಗುತ್ತಿದ್ದರು. ಆ ನಗು ಜಗಲಿಯ ಮೇಲಿದ್ದ ವಸಂತಮ್ಮನಿಗೂ ಕಾಣುತ್ತಿತ್ತು.

ನೋವನ್ನು ಅವಳು ಸಹಿಸಿದಳು, ಆ ನಗುವನ್ನು ಸಹಿಸಲಾಗಲಿಲ್ಲ. "ನಾನು ಕುಡಿದಿಲ್ಲ ಕಣ್ರೀ, ನಿಮ್ಮ ಪಾದದಾಣೆ," ಎಂದು ಒಂದು ದಿನ ಅತ್ತಳು. "ಆಯ್ತಾಯ್ತು, ಇನ್ಮೇಲೆ ಕುಡೀಬೇಡ," ಎಂದ ಅವನು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ.

ಆಯುಧಪೂಜೆಯ ಹಿಂದಿನ ದಿನ ಅವಳು ಅಂಗಳದಲ್ಲಿ ಬವಳಿ ಬಂದು ಬಿದ್ದಳು. ಬಾಯಿಂದ ಬಂದದ್ದು ಈ ಸಲ ಕೆಂಪಗೇ ಇತ್ತು. ಎಸ್ಟೇಟಿನ ಜೀಪಿನಲ್ಲಿ ಚಾರ್ಮಾಡಿ ಘಾಟಿ ಇಳಿಸಿ ಕೆಳಗಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ನಾಲ್ಕು ಬಾಟಲಿ ರಕ್ತ ಕೊಟ್ಟರು. ಮಾರನೆಯ ದಿನ ಡಾಕ್ಟರ್ ಗಿರಿಜಾಂಬಾ ಎಂಬ ಐವತ್ತರ ಆಸುಪಾಸಿನ ಹೆಂಗಸು ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಯಾವಾಗಿನಿಂದ, ಏನೇನು ಎಂದು ಕೇಳತೊಡಗಿದರು. ಕೇಳಿದ್ದು ವಸಂತಮ್ಮನನ್ನು. ಉತ್ತರ ಕೊಟ್ಟವನು ರೇವಣ್ಣ. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದಿದ್ದ.

"ನಾನೂ ಇದೇ ಫೀಲ್ಡಿನೋನು ಮೇಡಂ. ಎಲ್ಲಾ ಹೇಳ್ತೀನಿ. ಒಂದು ಹದಿನೈದು ದಿನದಿಂದ ಹೊಟ್ಟೆನೋವು. ಸೊಂಟನೋವು ಅಂತ ನನ್ನ ಕೇಳದೇ ಡಿಸ್ಪೆನ್ಸರಿಯಿಂದ ನೋವಿನ ಮಾತ್ರೆ ತಗೊಂಡು ನುಂಗಿದಾಳೆ. ಕಾಫಿ ಬೇರೆ ವಿಪರೀತ."

"ಮಲ ಕಪ್ಪಗೆ ಹೋಗ್ತಿತ್ತಾ? ಮೊದ್ಲು ವಾಂತಿ ಏನಾದ್ರೂ?"

"ಇಲ್ಲ ಮೇಡಂ. ಇದ್ರೆ ನನ್ನ ಗಮನಕ್ಕೆ ಬರ್ದೇ ಇರ್ತಿತ್ತಾ?"

ಹತ್ತು ತಿಂಗಳ ನೋವು ಹದಿನೈದು ದಿನದ್ದಾಗಿಬಿಟ್ಟಿತು. ವಸಂತಮ್ಮ ಬಾಯಿ ತೆರೆದಳು. ರೇವಣ್ಣನ ಮುಖ ನೋಡಿದಳು. ಅವನ ಹಣೆಯ ಮೇಲೆ ಬೆವರಿತ್ತು, ಕಣ್ಣಿನಲ್ಲಿ ಅವಳು ಎಂದೂ ಕಾಣದ ದೈನ್ಯ ಇತ್ತು. ಈಗ ನಿಜ ಹೇಳಿದರೆ ವಾರ್ಡಿನ ಇಷ್ಟೊಂದು ಜನರ ಎದುರು ಇವನ ಮಾನ ಹೋಗುತ್ತದೆ, ಸುದ್ದಿ ಎಸ್ಟೇಟಿಗೆ ಮುಟ್ಟಿದರೆ ಕೆಲಸವೂ ಹೋಗುತ್ತದೆ ಎಂದುಕೊಂಡಳು. ಡಾಕ್ಟರು ತನ್ನ ಕಡೆ ತಿರುಗಿ "ಹೌದೇನಮ್ಮ?" ಎಂದಾಗ ಹೌದೆಂದು ತಲೆಯಾಡಿಸಿದಳು. ತನ್ನ ಜೀವಕ್ಕಿಂತ ಅವನ ಬಿಳಿ ಶರಟು ಆಗ ಅವಳಿಗೆ ದೊಡ್ಡದಾಗಿ ಕಂಡಿತು. ಅದನ್ನು ನೆನೆದು ಆಮೇಲೆ ಅವಳು ತನ್ನನ್ನೇ ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಗಂಟಲಿಗೆ ನಳಿಕೆ ಇಳಿಸಿ ಎಂಡೋಸ್ಕೋಪಿ ಮಾಡಿದರು. ಜಠರದಲ್ಲಿ ಅಗಲವಾದ ಹುಣ್ಣು ಇತ್ತು. ನೆತ್ತರು ಜಿನುಗುತ್ತಿದ್ದ ಕಡೆ ಸೂಜಿಮದ್ದು ಕೊಟ್ಟು ನಿಲ್ಲಿಸಿದರು. ಅಂಚಿನಿಂದ ಎರಡು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬರಿಯ ಊತ ಎಂದು ವರದಿ ಬಂತು. ಹದಿನೈದೇ ದಿನದ ಕಥೆ, ನೋವಿನ ಮಾತ್ರೆಯ ಕಥೆ. ಆ ಕಥೆಗೂ ಈ ವರದಿಗೂ ಸರಿಹೊಂದಿತು. ಆದರೂ ಗಿರಿಜಾಂಬಾ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಆರು ವಾರಕ್ಕೆ ಸರಿಯಾಗಿ ಮತ್ತೆ ಬರ್ಬೇಕು. ಹುಣ್ಣು ಮಾಯ್ದಿದೆಯಾ ಅಂತ ಮತ್ತೊಮ್ಮೆ ಕಣ್ಣಲ್ಲಿ ನೋಡ್ಲೇಬೇಕು," ಎಂದು ಎರಡು ಸಲ ಹೇಳಿದರು.

ಆರು ವಾರ ಕಳೆಯಿತು. "ವಾಂತಿ ಇಲ್ಲ, ಉರಿ ಇಲ್ಲ, ಸುಮ್ನೆ ಮತ್ತೆ ಆ ಪೈಪು ನುಂಗ್ಬೇಕಾ? ನಾನಿಲ್ವಾ?" ಎಂದ ರೇವಣ್ಣ. ಚೀಟಿಯನ್ನು ಬೀರುವಿನಲ್ಲಿಟ್ಟ. ಅವನು ಹೆದರಿದ್ದು ಪೈಪಿಗಲ್ಲ, ಆ ಡಾಕ್ಟರು ಕೇಳುವ ಪ್ರಶ್ನೆಗಳಿಗೆ ಎಂಬುದು ವಸಂತಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು.

ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲೆಂದು ಆಲ್ದೂರಿನಿಂದ ಅವಳ ತಮ್ಮ ಜಯಪ್ರಕಾಶ್ ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ, ಮಾತು ಕಮ್ಮಿ. ಅಕ್ಕನನ್ನು ನೋಡಿ ಬಾಗಿಲಲ್ಲೇ ನಿಂತ. ಕುತ್ತಿಗೆಯ ಎಲುಬೆಲ್ಲ ಎದ್ದು ಕಾಣುತ್ತಿತ್ತು, ಮೈ ಸುಣ್ಣದ ಗೋಡೆಯ ಹಾಗಾಗಿತ್ತು.

"ಇದೆಂತ ಭಾವ, ಅಕ್ಕ ಹಿಂಗಾಗಿದಾಳೆ?"

"ಟಾನಿಕ್ ಶುರು ಮಾಡಿದೀನಿ ಮಾರಾಯ. ನಿಧಾನಕ್ಕೆ ಹಿಡೀತದೆ."

ಜಯಪ್ರಕಾಶ್ ಕೂರಲಿಲ್ಲ. ಎಳ್ಳಿನ ಪೊಟ್ಟಣ ಕಿಟಕಿಯಲ್ಲಿಟ್ಟು, ಮೂಡಿಗೆರೆಗೆ ಹೋಗಿ ಕಾರು ಮಾಡಿಕೊಂಡು ಬಂದ. "ಅಕ್ಕ, ಏಳು," ಎಂದ. ರೇವಣ್ಣ ಡಿಸ್ಪೆನ್ಸರಿಯ ಮೆಟ್ಟಿಲ ಮೇಲೆ ನಿಂತು ನೋಡಿದ. ತಡೆಯಲೂ ಇಲ್ಲ, ಜೊತೆಗೆ ಬರುತ್ತೇನೆಂದೂ ಹೇಳಲಿಲ್ಲ. ಬೀರುವಿನಲ್ಲಿದ್ದ ಚೀಟಿ ಕೇಳಿದಾಗ ಮಾತ್ರ ತೆಗೆದು ಕೊಟ್ಟ.

ಗಿರಿಜಾಂಬಾ ಆ ಕೆಂಪು ಗೆರೆಯನ್ನೂ ತಾರೀಖನ್ನೂ ನೋಡಿದರು. ಕೋಪ ನುಂಗಿಕೊಂಡಂತೆ ಕಂಡಿತು. ವಸಂತಮ್ಮ ಈ ಸಲ ಅವರು ಕೇಳುವವರೆಗೆ ಕಾಯಲಿಲ್ಲ.

"ಹದಿನೈದು ದಿನ ಅಲ್ಲಮ್ಮಾ. ವರ್ಷದ ಮೇಲಾಯ್ತು," ಎಂದು ಶುರು ಮಾಡಿ ಡಿಸೆಂಬರಿನಿಂದ ಹೇಳಿದಳು. ಡಾಂಬರಿನ ಹಾಗೆ ಹೋದದ್ದು, ಕೆಂಪು ಮಾತ್ರೆ ಬಂದದ್ದು ಆಮೇಲೆ ಎಂಬುದು, ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿದ್ದದ್ದು. ನೋವಿನ ಮಾತ್ರೆ ತಾನು ಮುಟ್ಟಿಯೇ ಇರಲಿಲ್ಲ ಎಂಬುದು. ಕೊನೆಗೆ ಬಚ್ಚಲ ಕಲ್ಲಿನ ಮೇಲಿನ ಚರಟದ ಮಾತು. "ನಾನು ಕಾಫಿ ಕುಡಿದಿರಲಿಲ್ಲ. ನೀವಾದ್ರೂ ನಂಬಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಂಬೋದೆಂತ ಬಂತಮ್ಮ. ಅದು ಕಾಫಿ ಆಗಿರ್ಲೇ ಇಲ್ಲ. ರಕ್ತ. ಹೊಟ್ಟೆಯೊಳಗೆ ನಿಂತ ರಕ್ತ ಆಮ್ಲಕ್ಕೆ ಸಿಕ್ಕಿದ್ರೆ ಹಾಗೇ ಕಪ್ಪಗೆ ತರಿತರಿ ಆಗ್ತದೆ. ಕಾಫಿ ಚರಟದ ಹಾಗೆ ವಾಂತಿ ಆದ್ರೆ ಒಳಗೆ ರಕ್ತ ಹೋಗ್ತಿದೆ ಅಂತ ನಮಗೆ ಮೊದಲ ವರ್ಷಗಳಲ್ಲೇ ಪಾಠ ಮಾಡ್ತಾರೆ. ಕಪ್ಪಗೆ ಹೋಗ್ತಿದ್ದುದೂ ಅದೇ ರಕ್ತ."

ವಸಂತಮ್ಮ ಜಯಪ್ರಕಾಶನ ತೋಳು ಹಿಡಿದುಕೊಂಡು ಅತ್ತಳು. ರೋಗದ ಹೆದರಿಕೆಗೆ ಬಂದ ಅಳುವಲ್ಲ. ತಾನು ಸುಳ್ಳಿ ಅಲ್ಲ ಎಂದು ಒಬ್ಬರು ಬಾಯಿಬಿಟ್ಟು ಹೇಳಿದರಲ್ಲ, ಅದಕ್ಕೆ.

ಈ ಸಲ ಹುಣ್ಣಿನ ಬೇರೆ ಬೇರೆ ಕಡೆಯಿಂದ, ಆಳದಿಂದ, ಹತ್ತು ಚೂರು ತೆಗೆದರು. ವಾರ ಬಿಟ್ಟು ವರದಿ ಬಂತು. ಲಿಂಫೋಮಾ. ಕ್ಯಾನ್ಸರೇ, ಆದರೆ ಸಾಮಾನ್ಯವಾಗಿ ಜಠರಕ್ಕೆ ಬರುವ ಜಾತಿಯದಲ್ಲ ಎಂದರು ಗಿರಿಜಾಂಬಾ. ಇದು ಜಠರದ ಗೋಡೆಯೊಳಗೆ ಹರಡಿಕೊಂಡು ಬೆಳೆಯುವಂಥದು, ಮೇಲುಮೇಲಿನ ಚೂರಿನಲ್ಲಿ ಕೆಲವೊಮ್ಮೆ ಸಿಗುವುದೇ ಇಲ್ಲ, ಔಷಧಿಗೆ ಮಾತ್ರ ಚೆನ್ನಾಗಿ ಬಗ್ಗುತ್ತದೆ ಎಂದರು. ಸ್ಕ್ಯಾನಿನಲ್ಲಿ ಜಠರದ ಪಕ್ಕದ ದುಗ್ಧಗ್ರಂಥಿಗಳಿಗೂ ಹಬ್ಬಿದ್ದು ಕಾಣಿಸಿತು. "ಆಗಲೇ ಪೂರ್ತಿ ವಿಷಯ ಗೊತ್ತಿದ್ದಿದ್ರೆ ನಾನು ಆಳಕ್ಕೆ ಹೋಗಿ ಹುಡುಕ್ತಿದ್ದೆ. ಆರು ವಾರಕ್ಕೆ ಬಂದಿದ್ರೂ ಆಗ್ತಿತ್ತು," ಎಂದರು. ಬೈದು ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ವಸಂತಮ್ಮನಿಗೆ ಅನ್ನಿಸಿತು.

ಮೂರು ವಾರಕ್ಕೊಮ್ಮೆಯಂತೆ ಆರು ಸಲ ಕಿಮೊ. ಗಡ್ಡೆ ಕರಗುವಾಗ ಜಠರ ತೂತಾಗಬಹುದು, ರಕ್ತನಾಳ ಒಡೆಯಬಹುದು ಎಂದು ಮೊದಲ ಸಲ ವಾರ್ಡಿನಲ್ಲೇ ಇಟ್ಟುಕೊಂಡರು. ಹೆದರಿದ ಹಾಗೇ ಒಮ್ಮೆ ರಕ್ತನಾಳ ಒಡೆಯಿತು. ಮತ್ತೆ ನಳಿಕೆ ಇಳಿಸಿ ನಿಲ್ಲಿಸಿದರು. ಜಯಪ್ರಕಾಶನೂ ಅವನ ಅಂಗಡಿಯ ಪಕ್ಕದವರೂ ರಕ್ತ ಕೊಟ್ಟರು. ಕೂದಲು ಉದುರಿತು. ಚಾರ್ಮಾಡಿಯ ತಿರುವುಗಳಲ್ಲಿ ಮಡಿಲಲ್ಲಿ ವಾಂತಿಗೆಂದು ಡಬರಿ ಇಟ್ಟುಕೊಂಡು ಇಳಿದಳು, ಹತ್ತಿದಳು. ರೇವಣ್ಣ ಎರಡು ಸಲ ಬಂದ. ಬಿಳಿ ಶರಟು ಹಾಕಿರಲಿಲ್ಲ. ವಾರ್ಡಿನ ಬಾಗಿಲ ಹತ್ತಿರ ನಿಂತು, ಗಿರಿಜಾಂಬಾ ಬರುವ ಹೊತ್ತಿಗೆ ಹಣ್ಣು ತರುತ್ತೇನೆಂದು ಕೆಳಗೆ ಹೋಗುತ್ತಿದ್ದ.

ಎರಡನೆಯ ಸಲ ಬಂದಾಗ ಅವಳು ಕೇಳಿಯೇ ಬಿಟ್ಟಳು. "ಅದು ರಕ್ತ ಅಂತ ನಿಮಗೆ ಗೊತ್ತಿತ್ತಾ?"

ಅವನು ಮೂಸಂಬಿ ಸುಲಿಯುತ್ತಿದ್ದ. "ತೋಟದಲ್ಲಿ ಎಲ್ಲರದೂ ಹಾಗೇ ಇರ್ತದಲ್ಲ," ಎಂದ.

"ನಾಲ್ಕು ತಿಂಗಳು ಕಾಫಿ ಬಿಟ್ಟೋಳು ನಾನು."

ಅವನು ಸುಲಿದ ಹಣ್ಣನ್ನು ತೊಳೆ ತೊಳೆಯಾಗಿ ಬಿಡಿಸಿ ತಟ್ಟೆಯಲ್ಲಿಟ್ಟ.

ಮಳೆಗಾಲದ ಹೊತ್ತಿಗೆ ಎಂಡೋಸ್ಕೋಪಿಯಲ್ಲಿ ಹುಣ್ಣು ಮಾಯ್ದದ್ದು ಕಾಣಿಸಿತು. ತೆಗೆದ ಚೂರುಗಳಲ್ಲಿ ಏನೂ ಇರಲಿಲ್ಲ. ಇನ್ನೈದು ವರ್ಷ ತಪ್ಪದೆ ತೋರಿಸಿಕೊಳ್ಳಬೇಕು, ಈಗಲೇ ಗೆದ್ದೆವು ಎನ್ನುವ ಹಾಗಿಲ್ಲ ಎಂದರು ಗಿರಿಜಾಂಬಾ. ವಸಂತಮ್ಮ ಕಲ್ಲುಹಳ್ಳಕ್ಕೆ ವಾಪಸಾದಳು. ಅಡುಗೆಮನೆಗೆ ಹೋದರೆ ಗೂಡಿನಲ್ಲಿ ಹಿತ್ತಾಳೆ ಮುಚ್ಚಳದ ಡಬ್ಬಿ ಇತ್ತು, ರೇವಣ್ಣ ಉಜ್ಜಿ ಹೊಳೆಯುವ ಹಾಗೆ ಮಾಡಿದ್ದ. ಒಳಗೆ ಹೊಸ ಪುಡಿ ತುಂಬಿಸಿದ್ದ. ಬೀರುವಿಗೆ ಹಾಕಿದ್ದು ಎಲ್ಲರ ಎದುರಿಗೆ, ವಾಪಸು ತಂದಿಟ್ಟದ್ದು ಯಾರೂ ಇಲ್ಲದಾಗ.

"ಮಾಡಿ ಕೊಡ್ಲಾ? ಈಗ ಕುಡೀಬಹುದಂತಲ್ಲ," ಎಂದ.

"ನಾನು ಕದ್ದು ಕುಡಿದಿಲ್ಲ ಅಂತ ಲೈನಿನೋರ ಎದುರು ಹೇಳಿ. ಆಮೇಲೆ ಕುಡೀತೀನಿ."

"ಅದೆಲ್ಲ ಹಳೇ ಮಾತು. ಗುಣ ಆಯ್ತಲ್ಲ ಈಗ."

ಅವಳು ಒಲೆಯ ಮೇಲೆ ಬಿಸಿನೀರಿಟ್ಟುಕೊಂಡಳು.

ಡಿಸೆಂಬರ್ ಬಂತು, ಮತ್ತೆ ಕೊಯ್ಲು ಶುರುವಾಯಿತು. ಒಂದು ಬೆಳಿಗ್ಗೆ ಡಿಸ್ಪೆನ್ಸರಿಯ ಮುಂದೆ ಇಪ್ಪತ್ತು ಜನರ ಸಾಲಿತ್ತು. ಜಗಲಿಯ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಅಕ್ಕಿ ಆರಿಸುತ್ತಿದ್ದ ವಸಂತಮ್ಮ ಸಾಲಿನ ಮುಂದಿದ್ದ ದ್ಯಾವಮ್ಮನನ್ನು ನೋಡಿದಳು. ಹೋದ ವರ್ಷ ಕನ್ನಡಿಯಲ್ಲಿ ಕಂಡ ತನ್ನ ಮುಖವೇ ಅಲ್ಲಿತ್ತು. ರೇವಣ್ಣ ಕೆಂಪು ಮಾತ್ರೆಯ ಡಬ್ಬಕ್ಕೆ ಕೈಹಾಕಿದ್ದ. ಅವಳು ಮೊರ ಇಟ್ಟು ಇಳಿದು ಹೋದಳು.

"ದ್ಯಾವಮ್ಮ, ಹೊರಗೆ ಕಪ್ಪಗೆ ಹೋಗ್ತದಾ?"

"ಹೌದಮ್ಮಾ. ಮಾತ್ರೆ ತಿಂದ್ರೆ ಹಂಗೇಯಂತಲ್ಲ."

"ವಾಂತಿ?"

"ಆಯ್ತು, ಎರಡು ಸಲ. ಬರೀ ಚರಟ. ಡಾಕ್ಟ್ರು ಹೇಳಿದ್ರು, ಅವತ್ತೇ ಕಾಫಿ ಬಿಟ್ಟೆ. ಮೂರು ತಿಂಗಳಾಯ್ತು. ನಾನು ನಿಮ್ಮಂಗೆ ಕದ್ದುಗಿದ್ದು ಕುಡಿಯೋಳಲ್ಲಮ್ಮಾ," ಎಂದಳು ದ್ಯಾವಮ್ಮ. ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯೊಂದನ್ನು ಹೇಳಿದ್ದಳು, ಅಷ್ಟೆ.

ಮೂರು ತಿಂಗಳು. ಅಂದರೆ ತನ್ನ ಹೊಟ್ಟೆಯಲ್ಲಿ ಏನಿತ್ತೆಂದು ತಿಳಿದ ಮೇಲೆ, ಆರು ಕಿಮೊ ಮುಗಿದ ಮೇಲೆ, ಈ ಮನುಷ್ಯ ಇನ್ನೊಬ್ಬಳಿಗೆ ಅದೇ ಮಾತು ಹೇಳಿದ್ದಾನೆ. ಬೇರೆ ಹೇಳಿದರೆ ಅಂದು ಲೈನುಮನೆಗಳ ಬಾಗಿಲಲ್ಲಿ ಕೂಗಿದ್ದು ಸುಳ್ಳಾಗುತ್ತದಲ್ಲ! ವಸಂತಮ್ಮನ ಮೈಯೆಲ್ಲ ಉರಿಯಿತು. ಗಂಡನ ಕಡೆ ತಿರುಗಿದಳು.

"ಹೇಳಿ ಇವಳಿಗೆ. ನನ್ನ ಹೊಟ್ಟೆಯಿಂದ ಬಂದಿದ್ದು ಏನು ಅಂತ ಹೇಳಿ. ಈಗ್ಲಾದ್ರೂ ಹೇಳಿ."

ಇಪ್ಪತ್ತು ಜನ ರೇವಣ್ಣನನ್ನು ನೋಡಿದರು. ಅವನ ಅಂಗೈಯಲ್ಲಿ ಕೆಂಪು ಮಾತ್ರೆಗಳಿದ್ದವು. ತುಟಿ ಅಲುಗಿತು, ಒಂದು ಗಳಿಗೆ ಹೇಳಿಯೇ ಬಿಡುತ್ತಾನೆ ಅನ್ನಿಸಿತು. ಆಮೇಲೆ ಅವನು ಮಾತ್ರೆಗಳನ್ನು ಡಬ್ಬಕ್ಕೆ ವಾಪಸು ಸುರಿದು, ಯಾರ ಮುಖವನ್ನೂ ನೋಡದೆ, "ಒಂಬತ್ತೂವರೆ ಬಸ್ಸು ಬರೋ ಹೊತ್ತಾಯ್ತು. ಬೇಕಾದ್ರೆ ಕರ್ಕೊಂಡು ಹೋಗು," ಎಂದ. "ಮುಂದಿನೋರು ಬನ್ನಿ."

ವಸಂತಮ್ಮ ದ್ಯಾವಮ್ಮನ ಕೈ ಹಿಡಿದುಕೊಂಡು ಒಳಗೆ ಹೋಗಿ ತನ್ನ ಆಸ್ಪತ್ರೆಯ ಚೀಟಿಗಳ ಚೀಲ ತೆಗೆದುಕೊಂಡಳು. ಇಬ್ಬರೂ ಗೇಟು ದಾಟಿ ಟಾರು ರಸ್ತೆಗೆ ಬಂದು ಹೊಂಗೆ ಮರದ ಕೆಳಗೆ ನಿಂತರು. ದ್ಯಾವಮ್ಮನಿಗೆ ಅಷ್ಟು ನಡೆದದ್ದಕ್ಕೇ ಏದುಸಿರು ಬಂದಿತ್ತು. ವಸಂತಮ್ಮ ದಾರಿಯುದ್ದಕ್ಕೂ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಅದು ಚರಟವಲ್ಲ, ರಕ್ತ. ಬೇಗ ತೋರಿಸಿದರೆ ವಾಸಿಯಾಗುತ್ತದೆ. ಡಾಕ್ಟರು ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಬೇಕು.

"ಅಮ್ಮಾ, ಬೇಜಾರು ಮಾಡ್ಕಳಲ್ಲ ಅಂದ್ರೆ ಒಂದು ಕೇಳ್ತೀನಿ," ಎಂದಳು ದ್ಯಾವಮ್ಮ. "ಆವಾಗ ನೀವು ಯಾರ ಮನೇಲಿ ಕುಡೀತಿದ್ರಿ?"

"ಯಾರ ಮನೇಲೂ ಇಲ್ಲ ದ್ಯಾವಮ್ಮ. ಒಂದು ತೊಟ್ಟೂ ಇಲ್ಲ."

ದ್ಯಾವಮ್ಮ ಅವಳ ಕೈಯನ್ನು ಮೆಲ್ಲಗೆ ಅದುಮಿದಳು.

"ಇರ್ಲಿ ಬಿಡಿ ಅಮ್ಮಾ. ನಾನು ಯಾರಿಗೂ ಹೇಳಕ್ಕಿಲ್ಲ."